ಕಟ್ಟಡವಿಲ್ಲದ ಒಪೆರಾ ಹೌಸ್: ಹೈದರಾಬಾದಿನ ರಂಗವಾಸ್ತುವನ್ನು ಕುರಿತು

ಒಪೆರಾ ಹೌಸ್ ಎಂಬ ಹೆಸರನ್ನೇ ಹೊತ್ತ ಕಟ್ಟಡವೊಂದು ಮುಂಬಯಿಯಲ್ಲಿದೆ. 1911ರಲ್ಲಿ ಐದನೆಯ ಜಾರ್ಜ್ ಉದ್ಘಾಟಿಸಿದ ಅದು 1993ರಲ್ಲಿ ಮುಚ್ಚಿ, 2016ರಲ್ಲಿ ಮತ್ತೆ ತೆರೆಯಿತು. ಹೈದರಾಬಾದಿನಲ್ಲಿ ಅದಕ್ಕೆ ಸಾಟಿಯಾದುದನ್ನು ಅರಸುವವರು ಬಹುಮಟ್ಟಿಗೆ ಸೈಫಾಬಾದಿನ ರವೀಂದ್ರ ಭಾರತಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಇದು ವಿಳಾಸದ ತಪ್ಪು ಎಂದು ನನ್ನ ತಿಳಿವಳಿಕೆ. ಒಪೆರಾಕ್ಕೆ ನಮ್ಮಲ್ಲಿ ಸಮೀಪವಾದ ಪ್ರಕಾರ ಸಂಗೀತ ನಾಟಕ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಈ ಪ್ರಕಾರವು ಯಾವ ಸೂರಿನಡಿ ಬದುಕಿತೆಂಬುದು ಇಲ್ಲಿನ ಪ್ರಶ್ನೆ.

ರವೀಂದ್ರ ಭಾರತಿ 1961ರದು. ಠಾಕೂರರ ಜನ್ಮಶತಾಬ್ದಿಯ ನೆನಪಿಗೆ ರಾಜ್ಯಗಳ ರಾಜಧಾನಿಗಳಲ್ಲಿ ಎದ್ದ ರಂಗಮಂದಿರಗಳಲ್ಲಿ ಒಂದು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ (1963) ಅದರ ಒಡಹುಟ್ಟು. ಮೊಹಮ್ಮದ್ ಫಯಾಜುದ್ದೀನ್ ರೂಪಿಸಿದ ಈ ಮಂದಿರದಲ್ಲಿ ಸಾವಿರಕ್ಕೂ ಮಿಕ್ಕಿ ಜನ ಕೂರಬಹುದು. ನೃತ್ಯಕ್ಕೂ ಸಭೆಗೂ ಸನ್ಮಾನಕ್ಕೂ ಅದು ಒದಗಿಬಂದಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅದು ದಿನದ ಬಾಡಿಗೆಯ ಲೆಕ್ಕದ ವಾಸ್ತು. ಬೆಳಿಗ್ಗೆ ಬಂದ ನಾಟಕ ರಾತ್ರಿ ಗಂಟು ಕಟ್ಟಬೇಕು. ತಂತಿ, ರಾಟೆ, ಹತ್ತಾರು ಪರದೆಗಳನ್ನು ಹೂಡಿ ತಿಂಗಳುಗಟ್ಟಲೆ ಕ್ಯಾಂಪು ನಿಲ್ಲುವ ಕಂಪನಿ ನಾಟಕಕ್ಕೆ ಅಲ್ಲಿ ಜಾಗವಿದೆ, ಕಾಲವಿಲ್ಲ. (ರಂಗದ ಮೇಲಿನ ಬಣ್ಣದ ಸೀನುಗಳನ್ನು ಠಾಕೂರರೇ ಒಪ್ಪುತ್ತಿರಲಿಲ್ಲ, ‘ರಂಗಮಂಚ’ ಪ್ರಬಂಧದಲ್ಲಿ ಅವರ ಒಲವು ಜಾತ್ರಾದ ಬಯಲಿನ ಕಡೆಗಿದೆ. ಅವರ ಹೆಸರಿನ ಮಂದಿರಗಳು ಪರದೆಯ ಚೌಕಟ್ಟನ್ನು ಉಳಿಸಿಕೊಂಡವು, ಬಯಲನ್ನಲ್ಲ.)

ಕಂಪನಿ ನಾಟಕವಾದರೋ ತನ್ನ ಮನೆಯನ್ನು ತಾನೇ ಹೊತ್ತು ತಿರುಗಿತು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದರೆ ಕಡಪ ಜಿಲ್ಲೆಯ ಸುರಭಿ ಗ್ರಾಮದಲ್ಲಿ 1885ರಲ್ಲಿ ‘ಕೀಚಕ ವಧ’ದಿಂದ ಸುರಭಿ ಮೊದಲಾಯಿತು. ಮನೆಮಾತು ಮರಾಠಿ, ಹಿಂದಿನ ವೃತ್ತಿ ತೊಗಲುಬೊಂಬೆ, ಆಟ ತೆಲುಗಿನಲ್ಲಿ. ಸ್ತ್ರೀಪಾತ್ರಕ್ಕೆ ಮನೆಯ ಹೆಂಗಸರೇ. ಹೈದರಾಬಾದಿನ ಶೇರಿಲಿಂಗಂಪಲ್ಲಿಯಲ್ಲಿ ಈ ಕುಟುಂಬಗಳ ವಸತಿಯಿದೆ. ರವೀಂದ್ರ ಭಾರತಿಗೆ ಅನತಿದೂರದ ಪಬ್ಲಿಕ್ ಗಾರ್ಡನ್ಸ್‌ನ ಲಲಿತ ಕಲಾ ತೋರಣದಲ್ಲಿ ಅವರ ‘ಮಾಯಾಬಜಾರ್’ ನೋಡಿದ್ದೇನೆ. ಲಾಡುಗಳು ತಾವಾಗಿ ಘಟೋತ್ಕಚನ ಬಾಯಿಗೆ ಹಾರುತ್ತವೆ. ನೋಟಕನಿಗೆ ತಂತಿ ಕಾಣುತ್ತದೆ, ಕಂಡೂ ಚಪ್ಪಾಳೆ ತಟ್ಟುತ್ತಾನೆ. ಈ ಒಪ್ಪಂದವನ್ನು ಸಾಧ್ಯವಾಗಿಸುವುದು ಪರದೆಗಳ ನಡುವಿನ ಅಂತರ, ಹಗ್ಗದ ಬಿಗಿ, ಪಕ್ಕದಲ್ಲಿ ಕಾಣದೆ ನಿಂತ ಕೈಗಳು. ಇವೂ ವಾಸ್ತುವೇ.

ಪ್ರಾಚೀನ ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಅಲ್ಲಿ ಪಂಪನ ಆದಿಪುರಾಣ (941) ನೆನಪಾದುದು ಸಹಜ. ಅವನು ಆಶ್ರಯ ಪಡೆದ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ನರ್ತಿಸುತ್ತಿದ್ದ ನೀಲಾಂಜನೆ ನಡುವೆಯೇ ಅಳಿದಾಗ ಇಂದ್ರನು ರಸಭಂಗವಾಗದಂತೆ ಅವಳನ್ನೇ ಹೋಲುವ ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತಾನೆ. ಸಭೆ ಅರಿಯದು, ಪುರುದೇವ ಅರಿಯುತ್ತಾನೆ. ಆ ಅರಿವೇ ಅವನ ವೈರಾಗ್ಯಕ್ಕೆ ಕಾರಣ. ಇಂದ್ರನನ್ನು ಕನ್ನಡದ ಮೊದಲ ಟ್ರಿಕ್ ಸೀನಿನ ಸೂತ್ರಧಾರನೆಂದರೆ ಮಿತ್ರರು ನಕ್ಕಾರು. ಆದರೂ ಪಂಪ ಬಲ್ಲನು: ರಂಗದ ಮಾಯೆ ತೆರೆಯ ಹಿಂದಿನ ಕೈಚಳಕದಲ್ಲಿದೆ, ಭವನದ ವೈಭವದಲ್ಲಿಲ್ಲ.

ಕಟ್ಟಡವನ್ನೇ ಇತಿಹಾಸವೆಂದು ಬಗೆವ ನಮ್ಮ ಬರಹಗಳು ಈ ಕೈಚಳಕವನ್ನು ಕೈಬಿಟ್ಟಿವೆ. ಅದನ್ನು ಗುರುತಿಸಿದವರು ಬಿ.ವಿ. ಕಾರಂತರು. ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿ ಬೆಳೆದ ಅವರು 1990ರ ದಶಕದಲ್ಲಿ ಸುರಭಿ ಕಲಾವಿದರಿಗೆ ‘ಭೀಷ್ಮ’, ‘ಚಂಡಿಪ್ರಿಯ’ ಮತ್ತು ಬ್ರೆಕ್ಟನ ನಾಟಕವನ್ನಾಧರಿಸಿದ ‘ಬಸ್ತಿ ದೇವತ ಯಾದಮ್ಮ’ಗಳನ್ನು ಆಡಿಸಿದರು. ತಂತ್ರವನ್ನು ಮರೆಮಾಚಬಾರದೆಂದು ಬ್ರೆಕ್ಟ್ ಸಿದ್ಧಾಂತವಾಗಿ ಹೇಳಿದ್ದನ್ನು ಸುರಭಿಯ ಪ್ರೇಕ್ಷಕ ಮೊದಲೇ ರೂಢಿಯಿಂದ ಬಲ್ಲವನಾಗಿದ್ದ. ಇವೆರಡು ಒಂದೇ ಅಲ್ಲ: ಒಂದರ ಗುರಿ ಎಚ್ಚರ, ಇನ್ನೊಂದರದು ಬೆರಗು. ಎರಡನ್ನೂ ಒಂದೇ ರಂಗದಲ್ಲಿ ಎದುರುಬದುರಾಗಿಸಿದ್ದೇ ಕಾರಂತರ ಪ್ರಯೋಗದ ಬೆಲೆ.

ರವೀಂದ್ರ ಭಾರತಿಯ ಗೋಡೆಗಳನ್ನು ಯಾವಾಗ ಬೇಕಾದರೂ ಅಳೆಯಬಹುದು. ಸುರಭಿಯ ಅಳತೆಗಳು ಇರುವುದು ಹಗ್ಗ ಎಳೆಯುವವರ ತೋಳುಗಳಲ್ಲಿ. ಆ ಮೇಳವನ್ನು ದಶಕಗಳ ಕಾಲ ನಡೆಸಿದ ಸುರಭಿ ನಾಗೇಶ್ವರರಾವ್ 2022ರಲ್ಲಿ ತೀರಿಕೊಂಡರು. ಹೊರನಾಡಿನ ಸಂಶೋಧಕರು ಹೈದರಾಬಾದಿಗೆ ಬಂದರೆ ಶೇರಿಲಿಂಗಂಪಲ್ಲಿಗೆ ಮೊದಲು ಹೋಗಲಿ, ಆಟಕ್ಕೆ ಎರಡು ದಿನ ಮುಂಚೆ, ಪರದೆ ಕಟ್ಟುವ ಹೊತ್ತಿಗೆ.