ಕುದುರೆಗೆ ವಿಮೆ: ಕಂತಿಗಿಂತ ಮೊದಲು ಕರಾರು ನೋಡಿ

ಕುದುರೆ ಕೊಳ್ಳಲು ಹೋದವರ ಜಾಣತನ ನೋಡಬೇಕು. ತುಟಿ ಸರಿಸಿ ಹಲ್ಲು ನೋಡುತ್ತಾರೆ, ಗೊರಸು ಎತ್ತಿ ತಟ್ಟುತ್ತಾರೆ, ಗಟ್ಟಿ ನೆಲದ ಮೇಲೆ ನಡೆಸಿ ಯಾವ ಕಾಲು ಎಳೆಯುತ್ತದೆಂದು ಗಮನಿಸುತ್ತಾರೆ, ಓಡಿಸಿ ಉಸಿರು ಆಲಿಸುತ್ತಾರೆ. ಅದೇ ಜನ ವಿಮೆಗೆಂದು ಕೂತಾಗ ಕೇಳುವುದು ಒಂದೇ ಪ್ರಶ್ನೆ: ‘ಪ್ರೀಮಿಯಂ ಎಷ್ಟಾಗುತ್ತೆ?’ ಉತ್ತರ ಕಡಿಮೆ ಬಂದ ಕಡೆ ಸಹಿ ಹಾಕಿ ಎದ್ದು ಬರುತ್ತಾರೆ. ಹಲ್ಲು ನೋಡದೆ ಕುದುರೆ ಕೊಳ್ಳದವರು ಷರತ್ತು ನೋಡದೆ ಪಾಲಿಸಿ ಕೊಳ್ಳುತ್ತಾರೆ.

ಹೊರವರ್ತುಲ ರಸ್ತೆ ದಾಟಿದರೆ ಸಿಗುವ ನಮ್ಮ ಹೊರಮಾವಿನಲ್ಲಿ ಕುದುರೆ ಕಟ್ಟುವ ಜಾಗ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಆಸೆ ಮಾತ್ರ ಕುಗ್ಗಿಲ್ಲ. ಬೆಂಗಳೂರಿನಲ್ಲಿ ಸವಾರಿಯ ಹವ್ಯಾಸಿಗಳ ಕೈಗೆ ಬರುವ ಕುದುರೆಗಳಲ್ಲಿ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳದ್ದು ದೊಡ್ಡ ಪಾಲು. ಅವುಗಳ ಪಕ್ಕದಲ್ಲಿ ಬಾಗಿದ ಕಿವಿಯ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳು. ಇನ್ನು ಶಿವಾಜಿನಗರ, ಡಿ.ಜೆ. ಹಳ್ಳಿ ಕಡೆ ಮದುವೆ ಮೆರವಣಿಗೆಗೆ, ಸಾರೋಟಿಗೆ ಹೋಗಿ ಮನೆಯನ್ನೇ ಸಾಕುವ ಕುದುರೆಗಳು. ಮೂರಕ್ಕೂ ಬೇಕಾದ ವಿಮೆ ಒಂದೇ ಅಲ್ಲ. ಕಂಪನಿ ಆರಿಸುವ ಮೊದಲು ನಿಮ್ಮ ಕುದುರೆ ಯಾವ ಕೆಲಸದ್ದು ಎಂಬುದನ್ನು ನೀವೇ ಖಚಿತಪಡಿಸಿಕೊಳ್ಳಬೇಕು.

ಮಾರುವವರು ಯಾರು? 1973ರ ಜನವರಿ 1ರಂದು ಸಾಮಾನ್ಯ ವಿಮೆಯ ರಾಷ್ಟ್ರೀಕರಣ ಜಾರಿಗೆ ಬಂದು, ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕರಲ್ಲಿ ವಿಲೀನವಾದವು: ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ. ಜಾನುವಾರು ವಿಮೆಯ ಹಳೆಯ ಅನುಭವ ಇರುವುದು ಈ ನಾಲ್ವರಿಗೆ. 2000ದ ನಂತರ ಬಂದ ಖಾಸಗಿ ಕಂಪನಿಗಳಲ್ಲೂ ಜಾನುವಾರು ವಿಮೆ ಮಾಡುವವರಿದ್ದಾರೆ. ಅವರ ಗಮನ ಹೆಚ್ಚಾಗಿ ಹಸು, ಎಮ್ಮೆಗಳ ಮೇಲೆ. ಕಂಪನಿಗಳ ಕ್ಲೇಮ್ ಇತ್ಯರ್ಥದ ಅಂಕಿಅಂಶ ನೋಡಿ ತೀರ್ಮಾನಿಸುತ್ತೇನೆ ಎನ್ನುವವರಿಗೆ ಒಂದು ಮಾತು. ಆ ಅಂಕಿಯಲ್ಲಿ ಕಾರು, ಬೈಕು, ಆಸ್ಪತ್ರೆ ಬಿಲ್ಲುಗಳದ್ದೇ ರಾಶಿ. ಲಾಯದ ವಿಷಯ ಅದರಿಂದ ಏನೂ ತಿಳಿಯುವುದಿಲ್ಲ. ‘ಈ ಶಾಖೆಯಲ್ಲಿ ಕುದುರೆಯ ಕ್ಲೇಮ್ ಹಿಂದೆ ಬಂದಿದೆಯೇ? ಪರಿಶೀಲನೆಗೆ ಯಾವ ಪಶುವೈದ್ಯರನ್ನು ಕಳಿಸುತ್ತೀರಿ?’ ಎಂದು ಕೇಳಿ. ಈ ಎರಡಕ್ಕೆ ತಡವರಿಸುವ ಕಚೇರಿ ಎಷ್ಟು ಕಡಿಮೆ ಕಂತು ಹೇಳಿದರೂ ನನಗೆ ಬೇಡ.

ನಮ್ಮಲ್ಲಿ ಸಿಗುವ ಕುದುರೆ ವಿಮೆ ಮೂಲತಃ ಸಾವಿನ ವಿಮೆ. ಅಪಘಾತ, ಕಾಯಿಲೆ, ನೈಸರ್ಗಿಕ ವಿಕೋಪ, ಶಸ್ತ್ರಚಿಕಿತ್ಸೆಯಿಂದ ಕುದುರೆ ಸತ್ತರೆ ಹಣ. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಕುದುರೆ ಸಾಕಿದ ನೆಂಟರು ಹೇಳುವ ಚಿಕಿತ್ಸಾ ವೆಚ್ಚದ ರಕ್ಷಣೆ, ಕೆಲಸಕ್ಕೆ ಬಾರದಾದರೆ ಸಿಗುವ ಪರಿಹಾರ, ಇವು ಇಲ್ಲಿ ಮೂಲ ಪಾಲಿಸಿಯಲ್ಲಿ ಬರುವುದಿಲ್ಲ. ಹೆಚ್ಚುವರಿ ಕಂತಿಗೆ ಶಾಶ್ವತ ಸಂಪೂರ್ಣ ಅಂಗವೈಕಲ್ಯದ ರಕ್ಷಣೆ ಸೇರಿಸಬಹುದು. ಅಲ್ಲಿಯೂ ಪೂರ್ತಿ ಮೊತ್ತದ ಬದಲು ಅದರ ಒಂದು ಪಾಲು ಮಾತ್ರ ಕೊಡುವುದು ಜಾನುವಾರು ವಿಮೆಯ ರೂಢಿ. ಪಾಲಿಸಿ ಶುರುವಾದ ಮೊದಲ 15 ದಿನಗಳಲ್ಲಿ ತಗುಲಿದ ಕಾಯಿಲೆಗೆ ಪರಿಹಾರವಿಲ್ಲ ಎಂಬ ಷರತ್ತೂ ಸಾಮಾನ್ಯ. ಕಳವು, ಅಸಡ್ಡೆ, ಅತಿಭಾರ, ಅನುಭವವಿಲ್ಲದವರ ಚಿಕಿತ್ಸೆ, ವಿಮಾನ ಅಥವಾ ಹಡಗಿನ ಸಾಗಣೆ, ಇವು ಹೊರಗಿಟ್ಟ ಪಟ್ಟಿಯಲ್ಲಿ ಇರುತ್ತವೆ. ಪಾಲಿಸಿ ಪುಸ್ತಿಕೆಯಲ್ಲಿ ಓದಬೇಕಾದ ಮೊದಲ ಪುಟ ಈ ಪಟ್ಟಿಯದು.

ಸಾವಿಗೂ ಗಾಯಕ್ಕೂ ನಡುವಿನ ಅಂತರ ಎಷ್ಟು ದೊಡ್ಡದೆಂದು ತಿಳಿಯಲು ನಮ್ಮೂರಿನ ಸವಾರನ ಕುದುರೆಯನ್ನೇ ನೋಡಿ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಮತ್ತು ತಂಡ ವಿಭಾಗಗಳೆರಡರಲ್ಲೂ ಬೆಳ್ಳಿ ಗೆದ್ದದ್ದು ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ. ಆಮೇಲೆ ಗಾಯದಿಂದ ಅದು ಬಹುಕಾಲ ಕಣದಿಂದ ದೂರ ಉಳಿಯಿತು. ಚೇತರಿಸಿಕೊಂಡು 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಿ 23ನೇ ಸ್ಥಾನ ಪಡೆಯಿತು. ಇಂಥ ಕುದುರೆ ಗಾಯಗೊಂಡು ಮಲಗಿದ ಕಾಲದಲ್ಲಿ ವೈದ್ಯರ ಖರ್ಚು, ಸೈಸ್‌ನ ಸಂಬಳ, ಮೇವು, ಲಾಳ ಯಾವುದೂ ನಿಲ್ಲುವುದಿಲ್ಲ. ಸಾವಿನ ವಿಮೆಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅಂಗವೈಕಲ್ಯದ ರಕ್ಷಣೆಯೂ ‘ಶಾಶ್ವತ’, ‘ಸಂಪೂರ್ಣ’ ಎಂಬ ಎರಡು ಬೀಗ ಹಾಕಿಕೊಂಡೇ ಬರುತ್ತದೆ. ಹಾಗಾಗಿ ಚಿಕಿತ್ಸೆಗೆಂದು ಬ್ಯಾಂಕಿನಲ್ಲಿ ಬೇರೆ ಹಣ ಇಡದೆ ವಿಮೆಯನ್ನಷ್ಟೇ ನಂಬುವವರು ಅರ್ಧ ಲೆಕ್ಕ ಮಾತ್ರ ಮಾಡಿರುತ್ತಾರೆ.

ಪ್ರಪೋಸಲ್ ಫಾರಂ ತುಂಬುವ ಕೆಲಸವನ್ನು ಏಜೆಂಟರಿಗೆ ಬಿಡಬೇಡಿ. ಅದರಲ್ಲಿ ‘ಉಪಯೋಗ’ ಎಂಬ ಕಲಂ ಇರುತ್ತದೆ. ಸ್ವಂತ ಸವಾರಿಗೆ ಎಂದು ಬರೆಸಿದ ಕುದುರೆಯನ್ನು ಒಂದು ಭಾನುವಾರ ಗೆಳೆಯರ ಮದುವೆ ಮೆರವಣಿಗೆಗೆ ಕಳಿಸಿ, ಪಟಾಕಿ ಸದ್ದಿಗೆ ಬೆದರಿ ಅದು ಬಿದ್ದರೆ, ಕ್ಲೇಮ್ ಅಲ್ಲೇ ಮುಗಿಯಿತು. ಸವಾರಿ ಶಾಲೆಗೆ ಬಾಡಿಗೆ ಕೊಟ್ಟರೂ ಇದೇ ಕಥೆ. ಹಳೆಯ ಕುಂಟು, ಹಿಂದೆ ಬಂದ ಹೊಟ್ಟೆನೋವು, ನರ ಕತ್ತರಿಸಿದ ಶಸ್ತ್ರಚಿಕಿತ್ಸೆ, ಎಲ್ಲವನ್ನೂ ಬರೆಯಿರಿ. ಕಂತು ಹೆಚ್ಚಾಗಬಹುದು, ಆ ಕಾಲನ್ನು ರಕ್ಷಣೆಯಿಂದ ಹೊರಗಿಡಬಹುದು. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಪಾಲಿಸಿಯೇ ಹೋಗುತ್ತದೆ.

ಮುಂದಿನದು ಗುರುತು. ಥರೋಬ್ರೆಡ್ ಆದರೆ ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾದ ದಾಖಲೆ, ಮೈಕ್ರೋಚಿಪ್ ಇರುತ್ತವೆ. ಕೊಳ್ಳುವಾಗಲೇ ಕೇಳಿ ಪಡೆಯಿರಿ. ದಾಖಲೆ ಇಲ್ಲದ ಕುದುರೆಯಾದರೆ ಚಿಪ್ ಹಾಕಿಸಿ, ಎರಡೂ ಮಗ್ಗುಲು, ಮುಖ, ನಾಲ್ಕೂ ಕಾಲುಗಳ ಫೋಟೊ ತೆಗೆಸಿ, ಬಣ್ಣ, ಹಣೆಯ ಚುಕ್ಕೆ, ಸುಳಿಗಳನ್ನು ಪಶುವೈದ್ಯರ ಕೈಯಲ್ಲಿ ಬರೆಸಿ. ನಮ್ಮ ಜಾತ್ರೆಗಳಲ್ಲಿ ಸುಳಿ ನೋಡುವುದು ಅದೃಷ್ಟಕ್ಕೆ. ಯಾವ ಸುಳಿ ಮನೆಗೆ ಆಗದು, ಯಾವುದು ಆಗಿಬರುತ್ತದೆ ಎಂದು ಚೌಕಾಸಿಯೇ ನಡೆಯುತ್ತದೆ. ಅಂತರರಾಷ್ಟ್ರೀಯ ಕುದುರೆ ಪಾಸ್‌ಪೋರ್ಟುಗಳಲ್ಲೂ ಸುಳಿಗಳ ಜಾಗ ಗುರುತಿಸುತ್ತಾರೆ, ಗುರುತಿಗಾಗಿ. ಸುಳಿಗಳ ಜಾಗ, ಸಂಖ್ಯೆ ಕುದುರೆಯಿಂದ ಕುದುರೆಗೆ ಬೇರೆಯಾಗುತ್ತದೆ ಎಂಬುದೇ ಅದಕ್ಕೆ ಕಾರಣ. ಸತ್ತದ್ದು ವಿಮೆ ಮಾಡಿಸಿದ ಕುದುರೆಯೇ ಎಂದು ತೋರಿಸಲಾಗದಿದ್ದರೆ ಉಳಿದ ಕಾಗದಗಳಿಗೆ ಬೆಲೆಯಿಲ್ಲ.

ಸಾವನ್ನು ತೋರಿಸಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡಿನ ಶೆರ್ಗಾರ್ ಪ್ರಕರಣಕ್ಕಿಂತ ದೊಡ್ಡ ಪಾಠವಿಲ್ಲ. 1981ರ ಎಪ್ಸಮ್ ಡರ್ಬಿಯನ್ನು ಹತ್ತು ಲೆಂತ್ ಅಂತರದಲ್ಲಿ ಗೆದ್ದ ಕುದುರೆ ಅದು. ತಳಿಗೆ ನಿಲ್ಲಿಸಿದಾಗ ಒಂದು ಪಾಲಿಗೆ ಎರಡೂವರೆ ಲಕ್ಷ ಪೌಂಡ್‌ನಂತೆ ನಲವತ್ತು ಪಾಲುಗಳ ಲೆಕ್ಕದಲ್ಲಿ ಅದರ ಬೆಲೆ ಒಂದು ಕೋಟಿ ಪೌಂಡ್. 1983ರ ಫೆಬ್ರವರಿ 8ರ ರಾತ್ರಿ ಬಂದೂಕುಧಾರಿಗಳು ಅದನ್ನು ಹೊತ್ತೊಯ್ದರು; ಅದರ ದೇಹ ಇಂದಿಗೂ ಸಿಕ್ಕಿಲ್ಲ. ಕಳವಿನ ರಕ್ಷಣೆ ಪಡೆದಿದ್ದ ಪಾಲುದಾರರಿಗೆ ಹಣ ಬಂತು. ಸಾವಿಗೆ ಮಾತ್ರ ವಿಮೆ ಮಾಡಿಸಿದವರು ಸಾವಿನ ಪುರಾವೆ ಒದಗಿಸಲಾಗದೆ ಕೈ ಹಿಸುಕಿಕೊಂಡರು. ಒಂದೇ ಕುದುರೆ, ಒಂದೇ ರಾತ್ರಿ. ಫಲ ಬೇರೆ ಬೇರೆಯಾಗಿದ್ದು ಪಾಲಿಸಿಯ ಒಂದು ಸಾಲಿನಿಂದ.

ಬೆಲೆಯ ವಿಷಯದಲ್ಲಿ ಆಸೆ ಬೇಡ. ಎಂಟು ಲಕ್ಷಕ್ಕೆ ವಿಮೆ ಮಾಡಿಸಿದ ಕುದುರೆಯ ಮಾರುಕಟ್ಟೆ ಬೆಲೆ ಸಾಯುವ ಹೊತ್ತಿಗೆ ಮೂರು ಲಕ್ಷವಿದ್ದರೆ ಸಿಗುವುದು ಮೂರೇ. ಎರಡರಲ್ಲಿ ಯಾವುದು ಕಡಿಮೆಯೋ ಅದು ಎಂಬುದು ನಿಯಮ. ನೂರಕ್ಕೆ ನಾಲ್ಕರ ದರ ಎಂದುಕೊಂಡರೂ ಹೆಚ್ಚಿನ ಐದು ಲಕ್ಷಕ್ಕೆ ವರ್ಷಕ್ಕೆ ಇಪ್ಪತ್ತು ಸಾವಿರ ದಂಡ. ರೇಸ್ ಕುದುರೆಯಲ್ಲಿ ಇದು ಇನ್ನೂ ಸೂಕ್ಷ್ಮ. ಗೆಲ್ಲುತ್ತಿರುವಾಗಿನ ಬೆಲೆ, ನಿವೃತ್ತಿಯಾಗಿ ಸವಾರಿ ಶಾಲೆ ಸೇರಿದ ದಿನದ ಬೆಲೆ ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಪ್ರತಿ ವರ್ಷ ನವೀಕರಣದ ಮುಂಚೆ ವೈದ್ಯರಿಂದ ಹೊಸ ಮೌಲ್ಯಪತ್ರ ಮಾಡಿಸಿ.

ಈಗ ಕಠಿಣ ಗಳಿಗೆಗೆ ಬರೋಣ. ಕುದುರೆ ಸಾಕಿದವರ ನಿದ್ದೆ ಕೆಡಿಸುವ ಕಾಯಿಲೆ ಕೋಲಿಕ್. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಯಲ್ಲಿ ಗಾಳಿ, ಮೇವು ತುಂಬಿದರೆ ಮೇಲಿನಿಂದ ಹೊರಹೋಗುವ ದಾರಿಯಿಲ್ಲ. ಕರುಳು ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯೋ ದಯಾಮರಣವೋ ಎಂದು ತೀರ್ಮಾನಿಸಬೇಕು. ಕಂಪನಿಯ ಒಪ್ಪಿಗೆ ಇಲ್ಲದೆ ಕುದುರೆಗೆ ಸಾವು ಕೊಟ್ಟರೆ ಪರಿಹಾರ ಇಲ್ಲ ಎಂಬ ಷರತ್ತು ಸಾಮಾನ್ಯ. ವಾಸಿಯಾಗದ ಯಾತನೆ ಎಂದು ಅರ್ಹ ಪಶುವೈದ್ಯರು ಲಿಖಿತವಾಗಿ ಕೊಟ್ಟರೆ ವಿನಾಯಿತಿ ಉಂಟು. ರಾತ್ರಿ ಎರಡು ಗಂಟೆಗೆ ಈ ವಿನಾಯಿತಿ ಹೇಗೆ ನಡೆಯುತ್ತದೆ? ಯಾರಿಗೆ ಫೋನ್ ಮಾಡಬೇಕು, ವಾಟ್ಸ್‌ಆಪ್ ಸಂದೇಶ ಸಾಕೇ, ಎಷ್ಟು ಗಂಟೆಯೊಳಗೆ ತಿಳಿಸಬೇಕು, ಮರಣೋತ್ತರ ಪರೀಕ್ಷೆಗೆ ಅವರ ಸರ್ವೇಯರ್ ಬರುವವರೆಗೆ ದೇಹ ಇಟ್ಟಿರಬೇಕೇ? ಇದೆಲ್ಲ ಕಂತು ಕಟ್ಟುವ ದಿನ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡು, ಪ್ರತಿಯನ್ನು ಲಾಯದ ಗೋಡೆಗೆ ಅಂಟಿಸಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜನ ನಾವಾಗಬಾರದು.

ನಮ್ಮ ಪೂರ್ವ ಬೆಂಗಳೂರಿಗೇ ಸೇರಿದ ಅಪಾಯ ಎರಡಿವೆ. ಒಂದು ಗ್ಲ್ಯಾಂಡರ್ಸ್, ಮನುಷ್ಯರಿಗೂ ಹರಡಬಲ್ಲ ಬ್ಯಾಕ್ಟೀರಿಯಾ ರೋಗ. 2024ರ ಆರಂಭದಲ್ಲಿ ಡಿ.ಜೆ. ಹಳ್ಳಿಯ ಕುದುರೆಯೊಂದರಲ್ಲಿ ಅದು ಪತ್ತೆಯಾಗಿ, ಸುತ್ತ 5 ಕಿಲೋಮೀಟರನ್ನು ರೋಗಪೀಡಿತ ವಲಯ, 25 ಕಿಲೋಮೀಟರ್‌ವರೆಗೆ ನಿಗಾ ವಲಯ ಎಂದು ಸರ್ಕಾರ ಘೋಷಿಸಿತು. ಹೊರಮಾವು ಆ ನಿಗಾ ವಲಯದೊಳಗೇ ಬರುವ ಊರು. ಸೋಂಕು ಖಚಿತವಾದ ಕುದುರೆಯನ್ನು ಕಾನೂನಿನಂತೆ ಕೊಲ್ಲಬೇಕು. ಸರ್ಕಾರದ ಪರಿಹಾರ ಉಂಟು, ಆದರೆ ಒಳ್ಳೆಯ ಸವಾರಿ ಕುದುರೆಯ ಬೆಲೆಗೆ ಅದು ಸಾಟಿಯಲ್ಲ. ಸರ್ಕಾರದ ಆದೇಶದಂತೆ ಕೊಂದ ಪ್ರಾಣಿಗೆ ಪರಿಹಾರವಿಲ್ಲ ಎಂಬ ಸಾಲು ಅಂತರರಾಷ್ಟ್ರೀಯ ಕುದುರೆ ವಿಮೆಗಳಲ್ಲಿ ಮಾಮೂಲು. ನಿಮ್ಮ ಪಾಲಿಸಿಯಲ್ಲಿ ಏನಿದೆ ಎಂದು ಮೊದಲೇ ನೋಡಿಕೊಳ್ಳಿ. ಎರಡನೆಯದು ನೀರು. 2025ರ ಮೇ ತಿಂಗಳ ಮಳೆಗೆ ಹೊರಮಾವಿನ ಸಾಯಿ ಬಡಾವಣೆ ಮುಳುಗಿದ್ದನ್ನು ಊರೆಲ್ಲ ನೋಡಿದೆ. ಪ್ರವಾಹದ ರಕ್ಷಣೆ ಪಾಲಿಸಿಯಲ್ಲಿದ್ದರೂ, ತಗ್ಗಿನಲ್ಲಿ ಕಟ್ಟಿಹಾಕಿ ಬಿಟ್ಟ ಕುದುರೆಯ ಸಾವನ್ನು ಅಸಡ್ಡೆ ಎನ್ನಲು ಅವಕಾಶ ಕೊಡಬೇಡಿ. ಲಾಯ ಎತ್ತರದಲ್ಲಿರಲಿ, ಮಳೆ ಬಂದರೆ ಎಲ್ಲಿಗೆ ಸಾಗಿಸುವುದೆಂದು ಬರೆದಿಟ್ಟಿರಿ.

ಇನ್ನು ಬಹುಪಾಲು ಜನ ಮರೆಯುವ ವಿಷಯ. ಕುದುರೆಯ ಪಾಲಿಸಿ ಕುದುರೆಯ ಜೀವಕ್ಕೆ ಬೆಲೆ ಕಟ್ಟುತ್ತದೆ. ಅದರ ಒದೆತಕ್ಕೆ ಸಿಕ್ಕವರ ಕಾಲಿಗೆ ಅಲ್ಲ. ಕಲ್ಕೆರೆ ರಸ್ತೆಯ ವಾಹನಗಳ ನಡುವೆ ಬೆದರಿದ ಕುದುರೆ ಬೈಕ್ ಸವಾರನಿಗೆ ಗುದ್ದಿದರೆ ಪರಿಹಾರದ ಹೊರೆ ಮಾಲೀಕರದು. ಅಸಡ್ಡೆ ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂನಡಿ ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಬೇರೆಯಾಗಿ ಕೊಳ್ಳಬೇಕು. ಮಕ್ಕಳಿಗೆ ಸವಾರಿ ಕಲಿಸುವ ಶಾಲೆಗಳಿಗಂತೂ ಕುದುರೆಯ ವಿಮೆಗಿಂತ ಇದೇ ಮೊದಲು. ಮಗುವನ್ನು ಶಾಲೆಗೆ ಸೇರಿಸುವ ತಂದೆತಾಯಿ ಕುದುರೆಯ ಮೈಬಣ್ಣ ಹೊಗಳುವ ಮುಂಚೆ ಈ ಕಾಗದ ತೋರಿಸಿ ಎನ್ನಬೇಕು.

ಸಾರೋಟು ಓಡಿಸುವವರಿಗೆ ದಾರಿ ಬೇರೆ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಲ್ಲಿ ಆದ ಬದಲಾವಣೆಯಂತೆ ಜಾನುವಾರು ವಿಮೆಯ ಕಂತಿನಲ್ಲಿ ಫಲಾನುಭವಿಯ ಪಾಲು ಶೇ 15ಕ್ಕೆ ಇಳಿದಿದೆ. ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ಹಂಚಿಕೊಳ್ಳುತ್ತವೆ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸದೆ ಪೂರ್ತಿ ಕಂತು ಕಟ್ಟುವುದು ಸಲ್ಲದು.

ಕ್ಲೇಮ್ ತಿರಸ್ಕೃತವಾದರೆ ಅಲ್ಲಿಗೆ ಕೈಚೆಲ್ಲಬೇಕಿಲ್ಲ. ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಕ್ತಿಗತ ವಿಮೆಯ ದೂರುಗಳನ್ನು ಕೇಳುತ್ತಾರೆ.

ಕೊನೆಗೆ ನನ್ನ ತೀರ್ಪು. ಮೊದಲ ಹಣ ಹೊಣೆಗಾರಿಕೆ ವಿಮೆಗೆ, ಎರಡನೆಯದು ಚಿಕಿತ್ಸೆಯ ಸ್ವಂತ ನಿಧಿಗೆ, ಮೂರನೆಯದು ಸಾವಿನ ಪಾಲಿಸಿಗೆ. ಕುದುರೆ ಹೋದರೆ ಇನ್ನೊಂದನ್ನು ಸ್ವಂತ ಹಣದಲ್ಲಿ ಕೊಳ್ಳಬಲ್ಲವರಿಗೆ ಮೂರನೆಯದು ಬೇಕೇ ಬೇಕೆಂದಿಲ್ಲ. ಕುದುರೆಯೇ ಅನ್ನ ಕೊಡುವ ಮನೆಯಲ್ಲಿ ಮಾತ್ರ ಅದು ಮೊದಲಿಗೆ ಬರಲಿ. ಕಂಪನಿ ಯಾವುದೆಂದು ಕೇಳುತ್ತೀರಾದರೆ, ನಿಮ್ಮ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಟ್ಟ ಕಂಪನಿ. ಬಾಯಿಮಾತಿನಲ್ಲಿ ‘ಎಲ್ಲಾ ಕವರ್ ಆಗುತ್ತೆ ಸಾರ್’ ಎನ್ನುವವರಿಂದ ಪಾಲಿಸಿ ಕೊಳ್ಳಬೇಡಿ.