ಪದದ ಹೊಂದಿಕೆಯೂ ವ್ಯಕ್ತಿಯ ಅರ್ಹತೆಯೂ

ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸಂಸ್ಥೆಗಳು ಜೊತೆಗೂಡಿ 2021ರಲ್ಲಿ ಪ್ರಕಟಿಸಿದ ‘ಹಿಡನ್ ವರ್ಕರ್ಸ್: ಅನ್‌ಟ್ಯಾಪ್ಡ್ ಟ್ಯಾಲೆಂಟ್’ ಎಂಬ ವರದಿಯು, ಯೋಗ್ಯತೆಯಿದ್ದೂ ಉದ್ಯೋಗದಾತರ ಕಣ್ಣಿಗೆ ಬೀಳದವರನ್ನು ಕುರಿತದ್ದು. ಕಂಪನಿಯು ಹುದ್ದೆಯ ವಿವರದಲ್ಲಿ ಕೆಲವು ಪದಗಳನ್ನು ಬರೆದಿರುತ್ತದೆ; ಗಣಕಯಂತ್ರವು ಅವೇ ಪದಗಳನ್ನು ಅರ್ಜಿದಾರನ ಸ್ವವಿವರದಲ್ಲಿ ಅರಸುತ್ತದೆ; ದೊರೆಯದಿದ್ದರೆ ಅರ್ಜಿಯು ಮನುಷ್ಯನ ಕೈಗೆ ತಲುಪುವುದೇ ಇಲ್ಲ. ಅಮೆರಿಕ, ಬ್ರಿಟನ್, ಜರ್ಮನಿಗಳ 2,250ಕ್ಕೂ ಹೆಚ್ಚು ಅಧಿಕಾರಿಗಳನ್ನು ವಿಚಾರಿಸಲಾಗಿ, ಉನ್ನತ ಕೌಶಲದ ಹುದ್ದೆಗಳಲ್ಲಿ ಅರ್ಹರೇ ಹೀಗೆ ಹೊರಬೀಳುತ್ತಾರೆಂದು ಶೇಕಡಾ 88ರಷ್ಟು ಮಂದಿ ಒಪ್ಪಿಕೊಂಡರು. ದೋಷವನ್ನು ಬಲ್ಲವರೇ ಅದನ್ನು ನಡೆಸಿಕೊಂಡು ಬಂದಿದ್ದಾರೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ವರದಿಯ ಲೇಖಕರಲ್ಲೊಬ್ಬರಾದ ಜೋಸೆಫ್ ಫುಲ್ಲರ್ ಅವರು ನೀಡಿದ ಒಂದು ಉದಾಹರಣೆಯು ಮಾರ್ಮಿಕವಾಗಿದೆ. ಕೆಲವು ಆಸ್ಪತ್ರೆಗಳು ದಾದಿಯರ ಅರ್ಜಿಗಳಲ್ಲಿ ‘ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಪದವನ್ನು ಹುಡುಕಿದವು. ಬೇಕಾಗಿದ್ದುದೋ ರೋಗಿಯ ವಿವರವನ್ನು ಕಂಪ್ಯೂಟರಿಗೆ ತುಂಬಬಲ್ಲವರು ಮಾತ್ರ!

ತತ್ತ್ವಾರ್ಥಸೂತ್ರದ ಪ್ರಥಮ ಅಧ್ಯಾಯವು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಗುಣವನ್ನು ಎಣಿಸದೆ ವ್ಯವಹಾರಕ್ಕಾಗಿ ಇಟ್ಟ ಹೆಸರು ನಾಮನಿಕ್ಷೇಪ. ಮಗುವಿಗೆ ಇಂದ್ರನೆಂದು ಹೆಸರಿಟ್ಟ ಮಾತ್ರಕ್ಕೆ ಅದಕ್ಕೆ ದೇವೇಂದ್ರನ ಐಶ್ವರ್ಯ ಬಾರದು. ಆ ಗುಣವನ್ನು ಹಿಂದೆ ಹೊಂದಿದ್ದವನು ಅಥವಾ ಮುಂದೆ ಹೊಂದಬಲ್ಲವನು ದ್ರವ್ಯದಿಂದ ಹಾಗೆನಿಸುತ್ತಾನೆ; ಈಗ ಹೊಂದಿರುವವನು ಭಾವದಿಂದ. ಯಂತ್ರದ ಜರಡಿ ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಂತುಬಿಡುತ್ತದೆ. ಇಪ್ಪತ್ತು ವರ್ಷ ಅಂಗಡಿಯ ರೋಜು, ಖಾತೆಗಳನ್ನು ಬರೆದವನು ‘ಅಕೌಂಟ್ಸ್ ಎಕ್ಸಿಕ್ಯುಟಿವ್’ ಎಂದು ಬರೆಯದಿದ್ದರೆ ಭಾವದಿಂದ ಲೆಕ್ಕಿಗನಾಗಿದ್ದರೂ ನಾಮದಿಂದ ಅಲ್ಲ. ಹೆರಿಗೆಗಾಗಿಯೋ ಹಿರಿಯರ ಶುಶ್ರೂಷೆಗಾಗಿಯೋ ಕೆಲಸ ಬಿಟ್ಟು ಮನೆಯಲ್ಲಿದ್ದ ಹೆಣ್ಣುಮಗಳ ಸ್ಥಿತಿ ಇನ್ನೂ ಕಷ್ಟದ್ದು. ಆರು ತಿಂಗಳಿಗಿಂತ ಹೆಚ್ಚಿನ ಬಿಡುವು ಕಂಡರೆ ಸುಮಾರು ಅರ್ಧದಷ್ಟು ಕಂಪನಿಗಳು ಅಂಥ ಅರ್ಜಿಯನ್ನು ಬದಿಗೆ ಸರಿಸುತ್ತವೆ.

ಇಷ್ಟನ್ನು ಸ್ಪಷ್ಟವಾಗಿ ತೋರಿಸಿದ ವರದಿಯು ಪರಿಹಾರದ ಭಾಗದಲ್ಲಿ ದುರ್ಬಲವಾಗುತ್ತದೆ. ಇಂಥವರನ್ನು ನೇಮಿಸಿಕೊಳ್ಳುವುದಕ್ಕೆ ಸಾಮಾಜಿಕ ಹೊಣೆಯ ಬದಲು ಹೂಡಿಕೆಯ ಪ್ರತಿಫಲವೇ ಸಮರ್ಥನೆಯಾಗಲಿ ಎಂದು ಅದು ಸಲಹೆ ಮಾಡುತ್ತದೆ. ಲಾಭವು ವ್ಯಾಪಾರಿಗೆ ನಿಷಿದ್ಧವಲ್ಲ. ಆದರೆ ಲಾಭ ಕಾಣದ ದಿನ ಅರ್ಹನನ್ನು ಹೊರಗಿಡುವುದು ನ್ಯಾಯವಾದೀತೇ? ಸುಳ್ಳು ಅಳತೆ, ಸುಳ್ಳು ತೂಕವು ಹೀನಾಧಿಕ ಮಾನೋನ್ಮಾನವೆಂಬ ಅತಿಚಾರವಾಗಿ ಅಚೌರ್ಯ ವ್ರತಕ್ಕೆ ಕಳಂಕ ತರುತ್ತದೆ. ತೂಕ ತಪ್ಪೆಂದು ಅರಿತೂ ಅದೇ ತಕ್ಕಡಿಯನ್ನು ಬಳಸುವ ಉದ್ಯೋಗದಾತನಿಗೂ ಈ ಮಾತು ಸಲ್ಲುತ್ತದೆ. ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಟ್ರಸ್ಟುಗಳು ಹಳೆಯ ಜಾಹೀರಾತನ್ನೇ ನಕಲು ಮಾಡಿ ಅರ್ಹತೆಗಳನ್ನು ಪೇರಿಸುವಾಗಲೂ ಇದನ್ನು ನೆನೆಯಬೇಕು.

ಅರ್ಜಿದಾರರ ಕಡೆಯಲ್ಲಿಯೂ ಎಲ್ಲವೂ ಶುದ್ಧವಲ್ಲ. ಹುದ್ದೆಯ ವಿವರವನ್ನು ಸಂಪೂರ್ಣವಾಗಿ ನಕಲು ಮಾಡಿ, ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಅಡಗಿಸುವ ಉಪಾಯವು ಪ್ರಚಾರದಲ್ಲಿದೆ. ಮನುಷ್ಯನ ಕಣ್ಣಿಗೆ ಕಾಣದಂತೆ, ಯಂತ್ರಕ್ಕೆ ಮಾತ್ರ ಕಾಣುವಂತೆ ಬರೆದ ಬರಹವು ಕೂಟಲೇಖಕ್ರಿಯೆಯೇ ಸರಿ. ಸತ್ಯಾಣುವ್ರತದ ಅತಿಚಾರಗಳಲ್ಲಿ ಅದು ಎಣಿಕೆಯಾಗಿದೆ. ಎದುರಾಳಿ ಯಂತ್ರವೆಂಬ ನೆಪವು ಇಲ್ಲಿ ನಿಲ್ಲದು. ಆದರೆ ತಾನು ನಿಜವಾಗಿ ಮಾಡಿದ ಕೆಲಸವನ್ನು ಜಾಹೀರಾತಿನ ಪದದಿಂದಲೇ ಕರೆಯುವುದು ಮಾಯಾಚಾರವಲ್ಲ. ಊರಿನ ಮಾತಿನಲ್ಲಿ ಊರವರೊಡನೆ ವ್ಯವಹರಿಸಿದಂತೆ. ಈ ಭೇದವನ್ನು ತಿಳಿಯದೆ ಸಂಕೋಚದಿಂದ ಹಿಂಜರಿಯುವ ಯುವಕರಿಗೆ ಮನೆಯ ಹಿರಿಯರೇ ಧೈರ್ಯ ಹೇಳಬೇಕು.

ನ್ಯೂಯಾರ್ಕ್ ನಗರವು 2023ರ ಜುಲೈನಿಂದ ಜಾರಿಗೆ ತಂದ ಕಾನೂನಿನಂತೆ ಸ್ವಯಂಚಾಲಿತ ಆಯ್ಕೆಯ ಸಾಧನಗಳಿಗೆ ಪಕ್ಷಪಾತದ ಪರಿಶೋಧನೆ ನಡೆಯಬೇಕು, ಅರ್ಜಿದಾರನಿಗೆ ಮುಂಚಿತವಾಗಿ ತಿಳಿಸಬೇಕು. ಆದರೆ ಆ ಪರಿಶೋಧನೆಯು ಲಿಂಗ, ಜನಾಂಗಗಳ ಪ್ರಮಾಣವನ್ನು ನೋಡುತ್ತದೆ. ಪಟ್ಟಿಯಲ್ಲಿರುವ ಪದವು ಆ ಕೆಲಸಕ್ಕೆ ನಿಜವಾಗಿ ಬೇಕಾದುದೇ ಎಂಬ ಪ್ರಶ್ನೆಯು ಅದರ ವ್ಯಾಪ್ತಿಗೆ ಸೇರಿಲ್ಲ.