ಕ್ಲಬ್ಬಿಗೆ ಮುಂಚಿನ ಎರಡು ಗಂಟೆ

ನಮ್ಮ ಸಿನಿಮಾಗಳಲ್ಲಿ ಯಾರೂ ಕ್ಲಬ್ಬಿಗೆ ಹೋಗುವುದಿಲ್ಲ. ಎಲ್ಲರೂ ಮೊದಲೇ ಅಲ್ಲಿರುತ್ತಾರೆ. ಒಂದು ದೃಶ್ಯದಲ್ಲಿ ಆಫೀಸು, ಮುಂದಿನ ದೃಶ್ಯದಲ್ಲಿ ನೀಲಿ ದೀಪ, ಕೈಯಲ್ಲಿ ಗ್ಲಾಸು, ಹಾಡು. ಎಷ್ಟು ಗಂಟೆಗೆ ಹೊರಟರು, ಯಾರ ಮನೆಯಲ್ಲಿ ಸೇರಿದರು, ಯಾರು ಎಷ್ಟು ದುಡ್ಡು ಹಾಕಿದರು, ಹೊಟ್ಟೆಗೇನು ತಿಂದರು, ವಾಪಸ್ಸು ಬರುವುದು ಹೇಗೆಂದು ಏನು ಮಾತಾಡಿಕೊಂಡರು, ಇದ್ಯಾವುದೂ ನಮಗೆ ಗೊತ್ತಾಗುವುದಿಲ್ಲ. ಕಥೆಗೆ ಬೇಡದ್ದನ್ನು ಕತ್ತರಿಸುವುದು ಸಂಕಲನಕಾರರ ಕೆಲಸ, ಒಪ್ಪೋಣ. ಆದರೆ ಇಲ್ಲಿ ಕತ್ತರಿಸಿ ಬಿಸಾಡಿದ ತುಂಡಿನಲ್ಲೇ ಕಥೆ ಇತ್ತು ಎಂಬುದು ನನ್ನ ತಕರಾರು. ನಮ್ಮ ಕನ್ನಡದ ಬರವಣಿಗೆಯ ಮೇಲೂ ಅದೇ ತಕರಾರಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮುಂಬೈಯಲ್ಲಿ ತಿಂಗಳ ಸಂಬಳದ ಮೇಲೆ ಬದುಕುವ ಹುಡುಗ ಹುಡುಗಿಯರು ಖಾಲಿ ಬಾಯಲ್ಲಿ ಕ್ಲಬ್ಬಿಗೆ ಹೋಗುವುದು ಕಡಿಮೆ. ಮೊದಲು ಯಾರದಾದರೂ ರೂಮಿನಲ್ಲಿ ಸೇರಿ ಒಂದೆರಡು ಪೆಗ್ ಹಾಕಿಕೊಂಡೇ ಹೊರಡುವುದು. ಇದಕ್ಕೆ ‘ಪ್ರೀ-ಡ್ರಿಂಕ್ಸ್’ ಎಂದು ಹೆಸರು, ಬಾಯಿಮಾತಿನಲ್ಲಿ ಬರೀ ‘ಪ್ರೀ’. ಕಾರಣ ದುಡ್ಡು. ವೈನ್ ಶಾಪಿನಲ್ಲಿ ಒಂದು ಕ್ವಾರ್ಟರ್ ಕೊಂಡರೆ 180 ಎಂ.ಎಲ್., ಅಂದರೆ 30ರ ಆರು ಪೆಗ್. ಅದೇ ದುಡ್ಡಿಗೆ ಲೋವರ್ ಪರೇಲಿನ ಕ್ಲಬ್ಬಿನಲ್ಲಿ ಒಂದು ಪೆಗ್ ಸಿಕ್ಕರೆ ಪುಣ್ಯ. ಹಾಗಾಗಿ ‘ಕಾಂಟ್ರಿ’ ಎತ್ತಬೇಕು, ಅಂಗಡಿಯ ಶಟರ್ ಇಳಿಯುವ ಮುಂಚೆ ಬಾಟಲಿ ತರಬೇಕು, ಚಕಣಾಕ್ಕೆ ಶೇಂಗಾ, ಸೌತೆಕಾಯಿ, ಚಿಪ್ಸ್ ಆಗಬೇಕು. ಕೇಳಲು ಬರೀ ಮೋಜಿನ ತಯಾರಿ. ಆದರೆ ಕೂತು ನೋಡಿದರೆ ಈ ಊರಿನಲ್ಲಿ ಯಾರ ಬೆಲೆ ಎಷ್ಟು ಎಂಬ ಪೂರ್ತಿ ಲೆಕ್ಕ ಈ ಎರಡು ಗಂಟೆಯಲ್ಲಿ ಬಯಲಾಗುತ್ತದೆ.

ಮರೋಳದ ಒಂದು ಬಾಡಿಗೆ ಫ್ಲಾಟಿನಲ್ಲಿ ಮೂವರು ಗೆಳತಿಯರ ಜೊತೆ ನಾನು ಐದು ವರ್ಷ ಇದ್ದೆ. ಒಬ್ಬಳು ಹುಬ್ಬಳ್ಳಿಯವಳು, ಒಬ್ಬಳು ನಾಗಪುರದವಳು, ಇನ್ನೊಬ್ಬಳು ಕೊಚ್ಚಿಯವಳು. ನಮ್ಮ ‘ಪ್ರೀ’ಯ ಮೊದಲ ಪ್ರಶ್ನೆ ಏನು ಕುಡಿಯುವುದು ಎಂದಾಗಿರಲಿಲ್ಲ, ಎಲ್ಲಿ ಕುಡಿಯುವುದು ಎಂದಾಗಿತ್ತು. ಬಾಡಿಗೆ ಕರಾರಿನಲ್ಲಿ ಬರೆಯದಿದ್ದರೂ ಮಾಲೀಕರು ಬಾಯಲ್ಲಿ ಹೇಳಿದ್ದರು: ಗಂಡಸರು ಬರಕೂಡದು, ಕುಡಿತ ಕೂಡದು. ಕೆಳಗೆ ವಾಚ್‌ಮನ್, ಎದುರು ಮನೆಯಲ್ಲಿ ಸೊಸೈಟಿಯ ಸೆಕ್ರೆಟರಿ. ಆಫೀಸಿನ ಹುಡುಗರ ಫ್ಲಾಟಿಗೆ ಇಂಥ ಷರತ್ತು ಇರಲಿಲ್ಲ, ಹಾಗಾಗಿ ಜಾಗ ಯಾವಾಗಲೂ ಅವರದ್ದು. ಜಾಗ ಅವರದ್ದಾದ ಕೂಡಲೇ ನಮ್ಮ ಲೆಕ್ಕ ಬದಲಾಗುತ್ತಿತ್ತು. ಯಾರು ಯಾರ ಪಕ್ಕ ಕೂರಬೇಕು, ಯಾರು ಆವತ್ತು ಕುಡಿಯದೆ ಇರಬೇಕು, ಪೆಗ್ ಸುರಿಯುವವರು ಯಾರು. ಈ ಕೊನೆಯದ್ದು ಬಹಳ ಮುಖ್ಯ. ಹುಬ್ಬಳ್ಳಿಯವಳು ತನ್ನ ಗ್ಲಾಸನ್ನು ಇನ್ನೊಬ್ಬರಿಗೆ ಸುರಿಯಲು ಬಿಡುತ್ತಲೇ ಇರಲಿಲ್ಲ. ಹೊರಡುವ ಮುಂಚೆ ಎಲ್ಲರಿಗೂ ಒತ್ತಾಯ ಮಾಡಿ ಮೊಸರನ್ನ ತಿನ್ನಿಸುತ್ತಿದ್ದವಳೂ ಅವಳೇ. ಖಾಲಿ ಹೊಟ್ಟೆಗೆ ಬಿದ್ದ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ ಎಂಬ ವಿಜ್ಞಾನವನ್ನು ಅವಳು, ‘ಹೊಟ್ಟೀಗೆ ಏನರ ಹಾಕ್ಕೊಳ್ರೆವಾ, ಆಮ್ಯಾಲೆ ಕುಣೀರಿ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು.

ಆಮೇಲೆ ರೈಲು. ಕ್ಲಬ್ಬು ಒಂದೂವರೆಗೆ ಮುಚ್ಚುತ್ತದೆ. ಕೊನೆಯ ಲೋಕಲ್ ಒಂದು ಗಂಟೆಯ ಆಸುಪಾಸಿಗೆ ಹೋಗಿರುತ್ತದೆ, ಮೊದಲ ಲೋಕಲ್ಲಿಗೆ ಬೆಳಗಿನ ನಾಲ್ಕರ ತನಕ ಕಾಯಬೇಕು. ನಡುವಿನ ಆ ಮೂರು ಗಂಟೆ ಎಲ್ಲಿ ಕಳೆಯುತ್ತೀರಿ ಎಂಬುದರ ಮೇಲೆ ನೀವು ಎಷ್ಟು ಕುಡಿಯಬಹುದು ಎಂಬುದು ನಿರ್ಧಾರವಾಗುತ್ತದೆ. ಬಾಂದ್ರಾದಲ್ಲಿ ಮನೆ ಇದ್ದವಳು ನಾಲ್ಕು ಪೆಗ್ ಕುಡಿಯಬಹುದು. ವಿರಾರಿಗೆ ಹೋಗಬೇಕಾದವಳು ಒಂದಕ್ಕೇ ನಿಲ್ಲಿಸಬೇಕು, ಇಲ್ಲವೇ ಯಾರದಾದರೂ ಸೋಫಾ ಕೇಳಬೇಕು. ಸೋಫಾ ಕೇಳುವುದಕ್ಕೂ ಒಂದು ಬೆಲೆ ಇರುತ್ತದೆ.

ಹುಡುಗರು ನಮ್ಮನ್ನು ಕರೆಯುತ್ತಿದ್ದುದಕ್ಕೂ ಕಾರಣ ಇತ್ತು. ಬಹಳ ಕ್ಲಬ್ಬುಗಳಲ್ಲಿ ಬರೀ ಗಂಡಸರ ಗುಂಪನ್ನು ಒಳಗೆ ಬಿಡುವುದಿಲ್ಲ, ಇಲ್ಲವೇ ದೊಡ್ಡ ಮೊತ್ತ ಕೇಳುತ್ತಾರೆ. ಜೊತೆಗೆ ಹೆಣ್ಣುಮಕ್ಕಳಿದ್ದರೆ ಬಾಗಿಲು ತೆರೆಯುತ್ತದೆ. ವಾರದ ನಡುವೆ ‘ಲೇಡೀಸ್ ನೈಟ್’ ಎಂದು ನಮಗೆ ಪುಕ್ಕಟೆ ಸುರಿಯುವುದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ನಾವಿದ್ದೇವೆಂದು ಗಂಡಸರು ಬರುತ್ತಾರೆ, ದುಡ್ಡು ಖರ್ಚು ಮಾಡುತ್ತಾರೆ. ಅಂದರೆ ಆ ರಾತ್ರಿ ಟಿಕೆಟ್ಟೂ ನಾವೇ, ಗಿರಾಕಿಯೂ ನಾವೇ. ಕಾಂಟ್ರಿಯಲ್ಲಿ ‘ನೀವು ಕೊಡುವುದು ಬೇಡ’ ಎಂದು ಹುಡುಗರು ಧಾರಾಳತನ ತೋರಿಸಿದಾಗ ಕೊಚ್ಚಿಯವಳು ಪ್ರತಿಸಲವೂ ಹಟ ಹಿಡಿದು ತನ್ನ ಪಾಲು ಕೊಟ್ಟೇ ಬಿಡುತ್ತಿದ್ದಳು. ಅದು ಸ್ವಾಭಿಮಾನ ಎಂದುಕೊಂಡಿದ್ದೆ. ಅವಳ ಮಟ್ಟಿಗೆ ಅದು ರಸೀದಿಯಾಗಿತ್ತು: ಮುಂದೆ ಯಾರೂ ‘ನಿನಗೆ ಕುಡಿಸಿದ್ದು ನಾವಲ್ಲವೇ’ ಎನ್ನಬಾರದು.

ಈ ರಸೀದಿಯ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರು ಸಿನಿಮಾ ನೋಡೋಣ.

ಫರ್ಹಾನ್ ಅಖ್ತರ್ ಅವರ ‘ದಿಲ್ ಚಾಹ್ತಾ ಹೈ’ (2001) ನಮ್ಮ ತಲೆಮಾರಿಗೆ ಮಹಾನಗರದ ಗೆಳೆತನ ಹೇಗಿರಬೇಕು ಎಂದು ಕಲಿಸಿದ ಚಿತ್ರ. ಕ್ಲಬ್ಬು, ಗೋವಾ, ಕಾರು ಎಲ್ಲವೂ ಇದೆ. ಆ ಮೂವರು ಬಿಲ್ಲು ಹಂಚಿಕೊಳ್ಳಲು ತಲೆಕೆಡಿಸಿಕೊಂಡದ್ದು ಮಾತ್ರ ಕಾಣುವುದಿಲ್ಲ. ಅದು ಅವರ ವರ್ಗ, ಬಿಡಿ. ನನ್ನನ್ನು ಕಾಡುವುದು ಬೇರೆ. ಅದೇ ಚಿತ್ರದಲ್ಲಿ ಕುಡಿಯುವ ಒಬ್ಬ ಹೆಂಗಸಿದ್ದಾಳೆ, ಡಿಂಪಲ್ ಕಪಾಡಿಯಾ ಮಾಡಿದ ತಾರಾ. ಅವಳ ಕುಡಿತ ವ್ಯಸನ, ಕೊನೆಗೆ ಲಿವರ್ ಕೆಟ್ಟು ಸಾಯುತ್ತಾಳೆ. ಹುಡುಗರ ರಾತ್ರಿ ಯೌವನವಾಯಿತು, ಹೆಂಗಸಿನ ಗ್ಲಾಸು ರೋಗವಾಯಿತು. ತಾರಾಳ ಪಾತ್ರವನ್ನು ಅನುಕಂಪದಿಂದಲೇ ಬರೆದಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಲೆಕ್ಕ ಹಾಕಿ ಕುಡಿದು, ನಕ್ಕು, ಕುಣಿದು, ಮರುದಿನ ಒಂಬತ್ತೂವರೆಗೆ ಆಫೀಸಿಗೆ ಹೋಗುವ ಸಾಮಾನ್ಯ ಹೆಣ್ಣಿಗೆ ಆ ಚಿತ್ರದಲ್ಲಿ ಜಾಗ ಇಲ್ಲ.

ಜೋಯಾ ಅಖ್ತರ್ ಅವರ ‘ಗಲ್ಲಿ ಬಾಯ್’ (2019) ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಧಾರಾವಿಯ ಮುರಾದ್ ಅಪ್ಪನ ಬದಲಿಗೆ ಡ್ರೈವರ್ ಕೆಲಸಕ್ಕೆ ಹೋಗುತ್ತಾನೆ. ಶ್ರೀಮಂತರ ಹುಡುಗಿ ಪಾರ್ಟಿ ಮುಗಿಸಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಅಳುತ್ತಾಳೆ. ಮುಂದಿನ ಸೀಟಿನ ಇವನು ಸಮಾಧಾನ ಹೇಳಲೂ ಆಗದೆ ಸುಮ್ಮನಿರುತ್ತಾನೆ. ಮೋಜಿನ ರಾತ್ರಿಗೆ ಹೊರಗೆ ಕಾಯುವವರೂ ಇದ್ದಾರೆ ಎಂದು ತೋರಿಸಿದ ಆ ದೃಶ್ಯ ನನಗೆ ಬಹಳ ಇಷ್ಟ. ಆದರೂ ಅಲ್ಲಿ ಎರಡೇ ತುದಿ: ಕಾರಿನ ಹಿಂದೆ ಕೂತವಳು, ಮುಂದೆ ಕೂತವನು. ಕಾರೇ ಇಲ್ಲದೆ, ಮೂವರು ಸೇರಿ ಟ್ಯಾಕ್ಸಿ ದುಡ್ಡು ಹಂಚಿಕೊಳ್ಳುವವರು ನಡುವೆ ಎಲ್ಲೂ ಇಲ್ಲ. ಈ ಊರಿನ ಅರ್ಧ ಜನ ಅವರೇ.

ಮೂರನೆಯದು ‘ಪಿಂಕ್’ (2016). ದೆಹಲಿಯ ಮೂವರು ಹುಡುಗಿಯರು, ಸಂಗೀತ ಕಾರ್ಯಕ್ರಮದ ಆಮೇಲೆ ಸೂರಜ್‌ಕುಂಡದ ರಿಸಾರ್ಟಿನ ಕೋಣೆ, ಕುಡಿತ, ಹಲ್ಲೆ, ಕೇಸು. ಕೋರ್ಟಿನ ಪಾಟೀಸವಾಲು ನೆನಪಿಸಿಕೊಳ್ಳಿ. ಕುಡಿದಿದ್ದಿರಾ, ಕೋಣೆಗೆ ಯಾಕೆ ಹೋದಿರಿ, ದುಡ್ಡಿನ ವ್ಯವಹಾರ ಏನು ಎಂದು ಎಲ್ಲ ಪ್ರಶ್ನೆಯೂ ಆ ಗ್ಲಾಸಿನ ಸುತ್ತಲೇ ತಿರುಗುತ್ತವೆ. ಅಮಿತಾಭ್ ಬಚ್ಚನ್ ಮಾಡಿದ ವಕೀಲ ಹುಡುಗಿಯರಿಗೆ ಸಮಾಜ ಹಾಕಿದ ಕಟ್ಟಳೆಗಳನ್ನು ವ್ಯಂಗ್ಯವಾಗಿ ಒಂದೊಂದಾಗಿ ಎಣಿಸುತ್ತಾನೆ. ಬೇಡ ಎಂದರೆ ಬೇಡ ಎಂಬಲ್ಲಿಗೆ ವಾದ ಮುಗಿಯುತ್ತದೆ. ಅದು ಸರಿಯಾದ ವಾದ, ಸರಿಯಾದ ಕಾಲಕ್ಕೆ ಬಂದ ವಾದ.

ಆದರೆ ಚಿತ್ರದ ಕಟ್ಟಡ ಗಮನಿಸಿ. ಕಥೆ ಶುರುವಾಗುವುದು ಎಲ್ಲ ಮುಗಿದ ಮೇಲೆ. ಆ ರಾತ್ರಿ ನಿಜವಾಗಿ ಏನಾಯಿತು ಎಂದು ತೋರಿಸುವುದು ಕೊನೆಯಲ್ಲಿ, ಪರದೆಯ ಮೇಲೆ ಹೆಸರುಗಳು ಓಡುವಾಗ. ಜನ ಚಪ್ಪಲಿ ಹುಡುಕಿಕೊಂಡು ಏಳುವ ಹೊತ್ತಿಗೆ ಆ ಹುಡುಗಿಯರು ನಗುವುದು, ಹರಟುವುದು, ಕುಡಿಯುವುದು ಕಾಣುತ್ತದೆ. ಅದಕ್ಕೊಂದು ಸಮರ್ಥನೆ ಇದೆ: ಏನಾಯಿತೆಂದು ನೋಡದೆಯೇ ನೀವು ಅವರನ್ನು ನಂಬುತ್ತೀರಾ ಎಂದು ಚಿತ್ರ ನಮ್ಮನ್ನು ಪರೀಕ್ಷಿಸುತ್ತಿದೆ. ಜಾಣ ಉಪಾಯ. ಆದರೆ ಆ ಉಪಾಯದಿಂದಾಗಿ ಸಂಜೆಯ ಅವರ ಸಂತೋಷ, ಅವರ ಎಚ್ಚರ, ಅವರು ಹಾಕಿರಬಹುದಾದ ಲೆಕ್ಕ ಎಲ್ಲವೂ ಟಿಪ್ಪಣಿಯ ಮಟ್ಟಕ್ಕೆ ಇಳಿದುಬಿಟ್ಟಿತು. ರಾತ್ರಿಯನ್ನು ಅದರ ಕೊನೆಯಿಂದ ಓದುವುದು ಪೊಲೀಸರ ಕ್ರಮ, ನೆರೆಮನೆಯವರ ಕ್ರಮ. ಕಲೆಯೂ ಅದೇ ಕ್ರಮ ಹಿಡಿದರೆ, ಮೊಸರನ್ನ ತಿಂದು, ತನ್ನ ಪಾಲು ಕೊಟ್ಟು, ವಾಪಸ್ಸು ಬರುವ ದಾರಿ ಗೊತ್ತು ಮಾಡಿಕೊಂಡು ಹೊರಟವಳ ಪರವಾಗಿ ಸಾಕ್ಷಿ ಹೇಳುವವರು ಯಾರು?

ಈಗ ನಮ್ಮ ಮನೆಯ ವಿಷಯ. ಕನ್ನಡ ಸಿನಿಮಾದಲ್ಲಿ ‘ಎಣ್ಣೆ ಹಾಡು’ ಎಂಬ ಒಂದು ಜಾತಿಯೇ ಇದೆ. ಸಾಮಾನ್ಯವಾಗಿ ಅಲ್ಲಿ ಕುಡಿಯುವವನು ಗಂಡಸು, ಕುಡಿಯಲು ಕಾರಣ ಕೈಕೊಟ್ಟ ಹುಡುಗಿ. ಅದರ ತಮಾಷೆಯನ್ನು ನಾನೂ ಸವಿದಿದ್ದೇನೆ. ಆದರೆ ಅಲ್ಲಿನ ಕುಡಿತ ಯಾವಾಗಲೂ ಆಗಿಹೋದದ್ದರ ಬಗ್ಗೆ. ಇನ್ನೂ ಆಗಬೇಕಾದ ರಾತ್ರಿಯ ಬಗೆಗಿನ ಪುಳಕ, ಅಂಜಿಕೆ, ಬಜೆಟ್ಟು ಅದಕ್ಕೆ ಗೊತ್ತಿಲ್ಲ.

ಮುಂಬೈ ಕನ್ನಡಿಗರಾದ ನಮಗಂತೂ ಈ ಮೌನ ಇನ್ನೂ ವಿಚಿತ್ರ. ಈ ಊರಿನ ರಾತ್ರಿಯ ಕೌಂಟರಿನ ಆಚೆ ದಶಕಗಳಿಂದ ನಿಂತವರು ನಮ್ಮವರೇ. 1949ರ ಪಾನನಿಷೇಧ ಕಾಯಿದೆ ಇಂದಿಗೂ ಹೆಸರಿಗೆ ಜೀವಂತವಾಗಿದೆ. ಕಾಗದದ ಪ್ರಕಾರ ಇಲ್ಲಿ ಕುಡಿಯಲು ಪರ್ಮಿಟ್ ಬೇಕು, ಬಿಯರಿಗೆ 21 ವಯಸ್ಸಾಗಬೇಕು, ವಿಸ್ಕಿಗೆ 25. ಆ ಕಾಯಿದೆ ಸಡಿಲಾದಾಗ ಹುಟ್ಟಿದ ‘ಪರ್ಮಿಟ್ ರೂಮು’ಗಳಲ್ಲಿ ಎಷ್ಟೊಂದು ನಮ್ಮ ಉಡುಪಿ, ಮಂಗಳೂರು ಕಡೆಯ ಶೆಟ್ಟರದು. ಇವತ್ತಿಗೂ ಅಂಧೇರಿಯ ಕ್ವಾರ್ಟರ್ ಬಾರಿನಲ್ಲಿ ಸೀಲು ಒಡೆದು ಬಾಟಲಿ ಇಡುವ ವೇಟರು ಅಡಿಗೆಮನೆಗೆ ತುಳುವಿನಲ್ಲಿ ಕೂಗುವುದು ಕೇಳುತ್ತದೆ. ಆದರೆ ನಮ್ಮ ನೆನಪಿನಲ್ಲಿ ಮುಂಬೈಯ ರಾತ್ರಿ ಎಂದರೆ ರಾತ್ರಿಶಾಲೆ: ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಓದಿದ ಹುಡುಗರು. ಅದು ಹೆಮ್ಮೆಯ ಕಥೆ, ಅದನ್ನು ಹೇಳಲೇಬೇಕು. ಅದೇ ಹುಡುಗರು ಆಮೇಲೆ ನಡೆಸಿದ ಬಾರಿನಲ್ಲಿ ಕೂತು ಕ್ಲಬ್ಬಿಗೆ ಹೋಗುವ ಮುಂಚೆ ಚಿಲ್ಲರೆ ಎಣಿಸಿದವರ ಕಥೆಯೂ ಅದರ ಮುಂದುವರಿಕೆಯೇ ಅಲ್ಲವೇ?

ಬರೆಯುವ ದಾರಿ ನಮ್ಮಲ್ಲಿ ಇಲ್ಲ ಎಂದಲ್ಲ. ಜಯಂತ ಕಾಯ್ಕಿಣಿಯವರ ‘ಒಪೆರಾ ಹೌಸ್’ ಕಥೆಯ ಇಂದ್ರನೀಲ ಸಿನಿಮಾ ಥಿಯೇಟರಿನಲ್ಲಿ ಕಸ ಗುಡಿಸುವವನು. ಆಟ ಮುಗಿದ ಮೇಲೆ ಅವನಿಗೆ ಯಾರೋ ಬಿಟ್ಟುಹೋದ ಥರ್ಮಾಸ್ ಫ್ಲಾಸ್ಕು ಸಿಗುತ್ತದೆ. ಪರದೆಯ ಮೇಲಿನ ದೊಡ್ಡ ಕಥೆ ಬಿಟ್ಟು ಸೀಟಿನ ಅಡಿಯ ಫ್ಲಾಸ್ಕಿನ ಹಿಂದೆ ಹೋಗುವುದು ಕಾಯ್ಕಿಣಿಯವರ ರೀತಿ. ಪ್ರದರ್ಶನದ ಆಮೇಲಿನ ಹೊತ್ತನ್ನು ಅವರು ನಮಗೆ ಕೊಟ್ಟಿದ್ದಾರೆ. ನಾನು ಕೇಳುತ್ತಿರುವುದು ಪ್ರದರ್ಶನಕ್ಕೆ ಮುಂಚಿನ ಹೊತ್ತನ್ನು.

ಇದು ಕುಡಿತದ ವಕಾಲತ್ತು ಎಂದು ಕೆಲವರು ಹೇಳಬಹುದು. ಅಲ್ಲ. ‘ಪ್ರೀ’ಯನ್ನು ನಿಜವಾಗಿ ಬರೆದರೆ ಅದರ ಸುಳ್ಳೂ ಹೊರಬೀಳುತ್ತದೆ. ಉಳಿತಾಯಕ್ಕೆಂದು ಮನೆಯಲ್ಲಿ ಕುಡಿದವರು ಕ್ಲಬ್ಬಿನಲ್ಲೂ ಕುಡಿಯುತ್ತಾರೆ, ಉಳಿದದ್ದು ಏನೂ ಇಲ್ಲ. ಟ್ಯಾಕ್ಸಿ ಬಂತೆಂದು ಕೊನೆಯ ಎರಡು ಪೆಗ್ ಗಟಗಟ ಇಳಿಸಿದರೆ ಅದರ ಪೂರ್ತಿ ಏಟು ತಲೆಗೇರುವುದು ಅರ್ಧ ಮುಕ್ಕಾಲು ಗಂಟೆ ಕಳೆದು, ಕ್ಲಬ್ಬಿನ ಬಾಗಿಲಲ್ಲಿ ನಿಂತಾಗ. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸುವುದು ಅಪರಾಧ ಎಂದು ಎಲ್ಲರಿಗೂ ಗೊತ್ತು, ಆದರೂ ಬೈಕಿನ ಕೀಲಿ ಯಾರ ಜೇಬಿನಲ್ಲಿರಬೇಕು ಎಂಬ ಜಗಳ ಪ್ರತಿಸಲ ಆಗುತ್ತದೆ. ಎಷ್ಟೇ ಚೆನ್ನಾಗಿ ಹಾಕಿದ ಲೆಕ್ಕವೂ ಮೂರನೇ ಪೆಗ್ಗಿಗೆ ಸಡಿಲವಾಗುತ್ತದೆ. ಇದನ್ನು ಉಪದೇಶ ಮಾಡಿ ಹೇಳಿದರೆ ಯಾರೂ ಕೇಳುವುದಿಲ್ಲ. ಕಥೆಯಲ್ಲಿ ನಡೆದರೆ ಓದುಗರಿಗೆ ತಾನಾಗಿ ತಿಳಿಯುತ್ತದೆ.

ಇನ್ನು ಕೆಲವರು, ಇದು ಉಳ್ಳವರ ಹುಡುಗಿಯರ ವಿಷಯ, ಸಾಹಿತ್ಯಕ್ಕೆ ಇದಕ್ಕಿಂತ ದೊಡ್ಡ ಕೆಲಸ ಇದೆ ಎನ್ನುತ್ತಾರೆ. ಉಳ್ಳವರು ಕ್ವಾರ್ಟರಿಗೆ ಎಷ್ಟು ಪೆಗ್ ಎಂದು ಎಣಿಸುವುದಿಲ್ಲ. ಎಣಿಸುವವರು ಊರಿಗೆ ದುಡ್ಡು ಕಳಿಸಿ ಉಳಿದದ್ದರಲ್ಲಿ ತಿಂಗಳಿಗೊಂದು ರಾತ್ರಿಯನ್ನು ತಮ್ಮದಾಗಿ ಇಟ್ಟುಕೊಂಡವರು. ಊರಿನಿಂದ ಫೋನು ಬಂದಾಗ ಸಂಗೀತ ನಿಲ್ಲಿಸಿ, ಬಾಲ್ಕನಿಗೆ ಹೋಗಿ, ‘ಊಟ ಆಯ್ತಮ್ಮ, ಮಲಗ್ತಾ ಇದೀನಿ’ ಎನ್ನುವವರು. ನಮ್ಮ ವಲಸೆಯ ಕಥೆಗಳಲ್ಲಿ ಆ ಫೋನಿನ ಅಮ್ಮನಿಗೆ ಪುಟಗಟ್ಟಲೆ ಜಾಗ ಸಿಕ್ಕಿದೆ. ಬಾಲ್ಕನಿಯಿಂದ ಒಳಗೆ ಬಂದು ಮತ್ತೆ ಗ್ಲಾಸು ಎತ್ತಿಕೊಂಡ ಮಗಳಿಗೆ ಇನ್ನೂ ಸಿಕ್ಕಿಲ್ಲ.

ಯಾರಾದರೂ ಬರೆಯುವುದಾದರೆ ನನ್ನದೊಂದೇ ಬೇಡಿಕೆ. ಕಥೆಯನ್ನು ಕ್ಲಬ್ಬಿನ ತನಕ ಒಯ್ಯಬೇಡಿ. ಲೆಕ್ಕ ಚುಕ್ತಾ ಆಗಲಿ, ಪ್ಲೇಟು ತೊಳೆದಿಡಲಿ, ಕೊನೆಯವಳು ಗ್ಯಾಸು ಆರಿದೆಯೇ ಎಂದು ಇನ್ನೊಮ್ಮೆ ನೋಡಿ ಬಾಗಿಲಿಗೆ ಬೀಗ ಹಾಕಲಿ. ಅಲ್ಲಿಗೆ ನಿಲ್ಲಿಸಿ. ರಾತ್ರಿ ಹೇಗೆ ಮುಗಿಯಿತು ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ.